ನಾಲೆಯ ಮೆಟ್ಟಿಲು ಕಟ್ಟಿಸಿದವಳು

ನಮ್ಮ ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ಒಂದು ನನ್ನದು, ಇನ್ನೊಂದು ನನ್ನ ತಂಗಿಯದು. ನನ್ನ ಹಸುವಿನ ಹಾಲನ್ನು ಅವಳು ಕರೆಯಬೇಕಾದರೆ ತನ್ನ ಬಟ್ಟೆಯ ಮೇಲೆ ನನ್ನ ಹಳೆಯ ಸೀರೆ ಸುತ್ತಿಕೊಂಡು ಕೂರಬೇಕು. ಅವಳದನ್ನು ನಾನು ಕರೆಯಬೇಕಾದರೆ ಅವಳ ಸೀರೆ. ಹಸು ಮುಖ ನೋಡುವುದಿಲ್ಲ, ಬಟ್ಟೆಯ ವಾಸನೆ ನೋಡುತ್ತದೆ. ದಿನಾ ಕರೆಯುವವರ ವಾಸನೆ ಸಿಗದಿದ್ದರೆ ಸೊರೆ ಬಿಡದೆ, ಹಾಲು ಇಳಿಸದೆ, ಕಾಲು ಕುಟ್ಟಿಕೊಂಡು ನಿಂತುಬಿಡುತ್ತದೆ. ಹಸು ಕಟ್ಟಿದವರಿಗೆಲ್ಲ ಇದು ಗೊತ್ತಿರುವ ವಿಷಯ.

ನಾನು ಒಂದು ವರ್ಷ ಪೂರ್ತಿ, ನನ್ನ ತಂಗಿ ಮಾಡಿದ ಕೆಲಸವನ್ನು ಹೀಗೆಯೇ ಸುತ್ತಿಕೊಂಡು ನಾಲ್ಕು ತಾಲ್ಲೂಕು ತಿರುಗಿದೆ. ಅದನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ನಮ್ಮ ತವರು ಪಾಂಡವಪುರ ತಾಲ್ಲೂಕು. ಅರಕೆರೆಗೆ ಹತ್ತಿರದ ಈ ಊರಿಗೆ, ಒಂದೇ ಮನೆಯ ಅಣ್ಣತಮ್ಮಂದಿರಿಗೆ, ನಮ್ಮಿಬ್ಬರನ್ನೂ ಕೊಟ್ಟರು. ಹೀಗಾಗಿ ಅವಳು ನನಗೆ ತಂಗಿಯೂ ಹೌದು, ವಾರಗಿತ್ತಿಯೂ ಹೌದು. ಮನೆ ಭಾಗವಾಗಿ ವರ್ಷಗಳಾದವು. ನಡುವೆ ಒಂದು ಗೋಡೆ, ಹಿಂದೆ ಒಂದೇ ಕೊಟ್ಟಿಗೆ. ನಾನು ಓದಿದ್ದು ಐದನೇ ಕ್ಲಾಸು. ಅವಳು ಹುಟ್ಟಿದಾಗ ಅವ್ವ ಗದ್ದೆ ಕೆಲಸಕ್ಕೆ ಹೋಗಬೇಕಿತ್ತು, ತೊಟ್ಟಿಲು ತೂಗಲು ಒಬ್ಬರು ಬೇಕಿತ್ತು, ನನ್ನನ್ನು ಸ್ಕೂಲು ಬಿಡಿಸಿದರು. ನನ್ನ ಸೊಂಟದ ಮೇಲೆ ಬೆಳೆದ ಮಗು ಎಸ್ಸೆಸ್ಸೆಲ್ಸಿ ಪಾಸಾಯಿತು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಆದರೂ ಅವಳಿಗೆ ಬಂದದ್ದರಲ್ಲಿ ನನಗೂ ಒಂದು ಪಾಲು ಸಲ್ಲಬೇಕು ಎಂದು ಒಳಗೊಳಗೇ ಅಂದುಕೊಂಡಿದ್ದೆನೆಂದು ಕಾಣುತ್ತದೆ. ಹಾಗೆ ಅಂದುಕೊಂಡದ್ದು ಆಗ ನನಗೇ ತಿಳಿದಿರಲಿಲ್ಲ.

ನಮ್ಮೂರ ಪಕ್ಕದಲ್ಲೇ ನಾಲೆ. ಬಟ್ಟೆ ಒಗೆಯುವ ಜಾಗದಲ್ಲಿ ಹಳೆಯ ಮೆಟ್ಟಿಲುಗಳು ಕುಸಿದು, ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಳಿಯಬೇಕಿತ್ತು. ನೀರು ತುಂಬಿ ಹರಿಯುವಾಗ ಒಬ್ಬ ಅಜ್ಜಿ ಜಾರಿದ್ದಳು, ಸೆರಗು ಹಿಡಿದು ಎಳೆದುಕೊಂಡಿದ್ದೆವು. ಯಾರಾದರೂ ಮಾಡಿಸುತ್ತಾರೆ ಎಂದು ಎಲ್ಲರೂ ಕಾಯುತ್ತಿದ್ದೆವು. ಬೇಸಿಗೆಯಲ್ಲಿ ನಾಲೆ ನಿಲ್ಲಿಸುತ್ತಾರೆ. ತಳ ಒಣಗುವ ಆ ಸ್ವಲ್ಪ ದಿನಗಳಲ್ಲೇ ಏನಾದರೂ ಮಾಡಬೇಕು, ಮತ್ತೆ ನೀರು ಬಿಟ್ಟರೆ ಇನ್ನೊಂದು ವರ್ಷ ಕಾಯಬೇಕು.

ಒಂದು ಬೇಸಿಗೆಯಲ್ಲಿ ತಂಗಿ ಕಾಯುವುದನ್ನು ಬಿಟ್ಟಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬರುವವರನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಮನೆಗೊಬ್ಬರು ಒಂದು ದಿನ ಕೆಲಸಕ್ಕೆ ಬರಬೇಕೆಂದು ಒಪ್ಪಿಸಿದಳು. ಕಲ್ಲು ಬೇಕಿತ್ತು. ನಮ್ಮ ಬೀದಿಯ ಒಬ್ಬ ತಾತ ತನ್ನ ಬಿದ್ದುಹೋದ ಹಳೆಯ ಮನೆಯ ಚಪ್ಪಡಿಗಳನ್ನೆಲ್ಲ ಹಿತ್ತಲಲ್ಲಿ ಜೋಡಿಸಿಟ್ಟುಕೊಂಡಿದ್ದ. ಯಾರು ಕೇಳಿದರೂ, ಏನು ಕೊಡುತ್ತೇನೆಂದರೂ ಕೊಟ್ಟವನಲ್ಲ. ಅವನೂ ಕೊಟ್ಟ. ಹೇಗೆ ಕೊಟ್ಟನೆಂದು ನಾನು ಕೇಳಲಿಲ್ಲ. ಊರ ಉಸಾಬರಿ ನಿನಗ್ಯಾಕೆ ಎಂದು ಮಾತ್ರ ಅವಳನ್ನು ಕೇಳಿದ್ದೆ. ಕೆಲಸ ನಡೆದ ದಿನಗಳಲ್ಲಿ ಮಧ್ಯಾಹ್ನಕ್ಕೆ ಮುದ್ದೆ, ಹುರುಳಿಕಾಳಿನ ಸಾರು ಮಾಡಿ ಹೊತ್ತುಕೊಂಡು ಹೋದೆ. ಆ ಮೆಟ್ಟಿಲಿನಲ್ಲಿ ನನ್ನ ಪಾಲು ಅಷ್ಟೇ.

ನಾಲೆಗೆ ನೀರು ಬಂದು ನಾಟಿ ಮುಗಿದ ಮೇಲೆ, ಒಂದು ಬೆಳಿಗ್ಗೆ ಡೈರಿಯ ಮುಂದೆ ಸ್ಕೂಟರಿನಲ್ಲಿ ಒಬ್ಬ ಮೇಡಂ ಬಂದು ಇಳಿದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಿಂದ ಒಬ್ಬೊಬ್ಬರನ್ನು ಆರಿಸಿ, ಊರಿನ ಮುಂದಾಳುಗಳಾಗಲು ಒಂದು ವರ್ಷ ತರಬೇತಿ ಕೊಡುತ್ತೇವೆ ಎಂದು ಹೇಳಿದರು. ತಿಂಗಳಿಗೊಂದು ದಿನ, ಒಂದೊಂದು ಸಲ ಒಂದೊಂದು ತಾಲ್ಲೂಕಿನಲ್ಲಿ. ಓದು ಬೇಕಿಲ್ಲ, ಊರಿಗೆ ಏನಾದರೂ ಮಾಡಿದವರಾಗಿರಬೇಕು. ಅವರು ಬರುವಾಗಲೇ ನಾಲೆಯ ಮೆಟ್ಟಿಲು ನೋಡಿಕೊಂಡು ಬಂದಿದ್ದರು. ಅದನ್ನು ಮಾಡಿಸಿದವರು ಯಾರು ಎಂದು ಕೇಳಿದರು.

ನಮ್ಮ ಕಡೆ ಒಂದು ವಾಡಿಕೆ ಇದೆ. ಒಂದು ಮನೆಯಲ್ಲಿ ಯಾರು ಏನು ಮಾಡಿದರೂ ಅದನ್ನು ಮನೆಯ ಹಿರಿಯರ ಮೇಲೆ ಹಾಕಿ ಹೇಳುತ್ತಾರೆ. ತಮ್ಮ ಕಟ್ಟಿದ ಎತ್ತನ್ನೂ ಅಣ್ಣನ ಎತ್ತು ಎನ್ನುತ್ತಾರೆ. ಭಾಗವಾದ ಮನೆಯಾದರೂ ಅಷ್ಟೆ. ಹಾಲು ಅಳೆಯುವವನು ತಲೆ ಎತ್ತದೆ, "ಇವ್ರ ಮನೆಯೋರೇ ಮೇಡಂ. ದೊಡ್ಡ ಸೊಸೆ ಇಲ್ಲೇ ಅವ್ರಲ್ಲ, ಮಾತಾಡಿ" ಎಂದ. ಅವನ ಮಾತಿನಲ್ಲಿ ಮೋಸವಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರೂ ಅದರಲ್ಲಿ ತಪ್ಪೇನನ್ನೂ ಕಾಣಲಿಲ್ಲ. ತಂಗಿ ಆವತ್ತು ಅವ್ವನ ಮಂಡಿ ನೋವೆಂದು ತವರಿಗೆ ಹೋಗಿದ್ದಳು.

ಮೇಡಂ ನನ್ನ ಕಡೆ ತಿರುಗಿ, "ನೀವೇನಾ ಅಮ್ಮ?" ಎಂದರು.

ನಾನಲ್ಲ, ನನ್ನ ತಂಗಿ ಎನ್ನಲು ಎಷ್ಟು ಹೊತ್ತು ಬೇಕು? ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದೆ. ಯಾವತ್ತೂ ಯಾರೂ ನನ್ನನ್ನು ಹಾಗೆ ನೋಡಿ ಕೇಳಿರಲಿಲ್ಲ. ತಲೆ ಆಡಿಸಿದೆ.

ತಂಗಿ ತವರಿಂದ ಬಂದಾಗ, ಡೈರಿಯವರು ನನ್ನ ಹೆಸರು ಕೊಟ್ಟುಬಿಟ್ಟಿದ್ದಾರೆ ಎಂದೆ. ಮೆಟ್ಟಿಲಿನ ಮಾತು ಎತ್ತಲಿಲ್ಲ. ಅವಳಿಗೆ ನಿಜವಾಗಿ ಖುಷಿಯಾಯಿತು. "ಒಳ್ಳೇದಾಯ್ತು ಕಣಕ್ಕ. ನೀನು ಡೈರಿ ಬುಟ್ರೆ ಕೊಟ್ಗೆ, ಕೊಟ್ಗೆ ಬುಟ್ರೆ ಡೈರಿ. ಓಗ್ಬುಟ್ ಬಾ, ನಿನ್ ಹಸ ನಾನ್ ಕರ್ಕತೀನಿ" ಎಂದಳು. ಎದ್ದು ನಿಂತು ನಾಲ್ಕು ಜನರ ಮುಂದೆ ಪರಿಚಯ ಹೇಳಿಕೊಳ್ಳುವುದು ಹೇಗೆಂದು ಅವಳೇ ನನಗೆ ಕಲಿಸಿದಳು. ಅವಳ ಮುಂದೆ ನಿಂತು ಹೇಳಿ ಹೇಳಿ ಅಭ್ಯಾಸ ಮಾಡಿದೆ. ನಗು ಬಂದರೆ ಅವಳು ಬೈಯುತ್ತಿದ್ದಳು.

ಆ ವರ್ಷ ನಾನು ಸುಖವಾಗಿದ್ದೆ ಎಂದೂ ಹೇಳಬೇಕು. ಅದನ್ನು ಮುಚ್ಚಿಟ್ಟರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೂ ನಾನು ಹೆಚ್ಚೆಂದರೆ ತವರಿಗೆ ಹೋಗಿ ಬಂದವಳು. ಈಗ ಕಿಟಕಿ ಪಕ್ಕ ಕೂತು, ಕರಿಘಟ್ಟ ಹಿಂದೆ ಸರಿಯುವುದನ್ನು ನೋಡುತ್ತಾ, ನನ್ನದೇ ಒಂದು ಕೆಲಸಕ್ಕೆ ಹೋಗುತ್ತಿದ್ದೆ. ಕೆ.ಆರ್. ಪೇಟೆಯಲ್ಲಿ ಒಂದು ಆಲೆಮನೆಯ ಪಕ್ಕದ ತೆಂಗಿನ ತೋಟದಲ್ಲಿ ಕೂರಿಸಿದ್ದರು, ಊಟದ ಹೊತ್ತಿಗೆ ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿಕೊಟ್ಟರು. ನಾಗಮಂಗಲದ ಕಡೆ ನಾಲೆಯಿಲ್ಲದ ಹೊಲಗಳನ್ನು ನೋಡಿ, ಅಲ್ಲಿಯ ಹೆಂಗಸರು ನೀರಿನ ಬಗ್ಗೆ ಮಾತಾಡುವುದನ್ನು ಕೇಳಿ, ಮನೆ ಮುಂದೆ ನಾಲೆ ಇಟ್ಟುಕೊಂಡು ಗೊಣಗುವ ನಮ್ಮ ಮೇಲೆ ನನಗೇ ನಾಚಿಕೆಯಾಯಿತು. ಎಲ್ಲ ಕಡೆಯೂ ಸುತ್ತಾಗಿ ಕೂರಬೇಕು, ಸುಮ್ಮನಿರುವವರಿಗೆ ಮೊದಲು ಮಾತು ಕೊಡಬೇಕು. ಮೊದಲ ಸಲ ಹೆಸರಷ್ಟೇ ಹೇಳಿ ಕೂತುಬಿಟ್ಟಿದ್ದೆ. ಆಮೇಲೆ ಮೇಡಂ ನನ್ನನ್ನು ಸುಮ್ಮನಿರಿಸಬೇಕಾಗಿ ಬಂತು.

ಅಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಪಾಂಡವಪುರದ ಒಬ್ಬ ಹೆಂಗಸು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ತನ್ನ ಬೀದಿಯ ಸಾಬರ ಹೆಣ್ಣುಮಕ್ಕಳನ್ನು ಹೊಲಿಗೆ ಕಲಿಸುತ್ತೇನೆಂದು ಸೇರಿಸಿ, ಓದು ಬಿಟ್ಟಿದ್ದವರನ್ನು ಮತ್ತೆ ಸ್ಕೂಲಿಗೆ ಕಳಿಸಿದವಳು. ಡಬ್ಬಿಯಲ್ಲಿ ಏನು ತಂದರೂ ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದಳು. ಎಲ್ಲರೂ ತಾವು ಊರಿಗೆ ಮಾಡಿದ ಕೆಲಸ ಹೇಳಬೇಕಿತ್ತು, ಉಳಿದವರು ಪ್ರಶ್ನೆ ಕೇಳಬೇಕಿತ್ತು. ನಾನು ಮೆಟ್ಟಿಲಿನ ಕತೆ ಹೇಳಿದೆ. ಮುದ್ದೆ ಹೊತ್ತುಕೊಂಡು ಹೋಗಿ ಕಣ್ಣಲ್ಲಿ ಕಂಡದ್ದಷ್ಟನ್ನೂ ನಾನೇ ಮಾಡಿಸಿದೆ ಎಂಬ ಹಾಗೆ ಹೇಳಿದೆ. ಆಗ ಅವಳು ಕೈ ಎತ್ತಿ, "ಅಕ್ಕಾ, ಯಾರಿಗೂ ಕೊಡದ ತಾತ ನಿಮ್ಗೆ ಹೆಂಗೆ ಕಲ್ಲು ಕೊಟ್ಟ? ಏನಂದ್ರಿ ಅವ್ನಿಗೆ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಪುಣ್ಯ ಬರುತ್ತದೆ ಎಂದು ಹೇಳಿದೆ ಎಂದೆ.

ಮೇಡಂಗೆ ಆ ಕತೆ ಬಹಳ ಹಿಡಿಸಿತು. ಪ್ರತಿ ಸಲ ಹೊಸಬರು ಯಾರಾದರೂ ನೋಡಲು ಬಂದರೆ, "ಅರಕೆರೆ ಕಡೆಯ ಅಮ್ಮ, ನಿಮ್ಮ ಮೆಟ್ಟಿಲಿನ ವಿಷಯ ಹೇಳಿ" ಎಂದು ನನ್ನನ್ನು ಎಬ್ಬಿಸುತ್ತಿದ್ದರು. ಕೆ.ಆರ್. ಪೇಟೆಯಲ್ಲಿ ತಾತನ ಹೆಸರು ಕಲ್ಲಿನ ಮೇಲೆ ಕೆತ್ತಿಸುತ್ತೇವೆ ಎಂದು ಒಪ್ಪಿಸಿದೆ ಎಂದೆ. ನಾಗಮಂಗಲದಲ್ಲಿ ಅವನ ಕಾಲಿಗೇ ಬಿದ್ದುಬಿಟ್ಟೆ ಎಂದೆ. ಹಿಂದಿನ ಸಲ ಏನು ಹೇಳಿದ್ದೆನೆಂದು ನೆನಪಿರುತ್ತಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಯ ಸದ್ದಿಗೆ ಮನಸ್ಸು ತುಂಬುತ್ತಿತ್ತು, ಬಸ್ಸು ಹತ್ತಿದ ಮೇಲೆ ಖಾಲಿಯಾಗುತ್ತಿತ್ತು.

ಹಾಗೆ ಒಂದು ದಿನ ನಾಗಮಂಗಲದಿಂದ ಬಂದಾಗ ಇನ್ನೂ ಬೆಳಕಿತ್ತು. ಕೊಟ್ಟಿಗೆಗೆ ಹೋದರೆ ಬಾಗಿಲಿಗೆ ಬೆನ್ನು ಮಾಡಿಕೊಂಡು ನಾನೇ ಕೂತಿದ್ದೇನೆ. ನನ್ನ ಹಸಿರು ಸೀರೆ, ನನ್ನ ಹಾಗೆಯೇ ಸೆರಗು ಬಿಗಿದು ಸಿಕ್ಕಿಸಿದ್ದು, ನನ್ನ ಹಸು ನೆಮ್ಮದಿಯಾಗಿ ಬೂಸ ತಿನ್ನುತ್ತಿದೆ. ತಂಗಿ ನನ್ನ ಕಡೆ ತಿರುಗಿ, ಏನು ಕಲಿಸಿದರು, ಊಟಕ್ಕೆ ಏನಿತ್ತು ಎಂದೆಲ್ಲ ಕೇಳಿದಳು. ನಾನು ಏನೋ ಹೇಳಿದೆ. ಅವಳು ನನ್ನ ಬಟ್ಟೆ ಹಾಕಿಕೊಂಡಿದ್ದು ನನ್ನ ಮನೆಯ ಹಾಲು ತಪ್ಪದಿರಲಿ ಎಂದು. ನಾನು ಅವಳದನ್ನು ಹಾಕಿಕೊಂಡು ತಿರುಗಿದ್ದು ಯಾತಕ್ಕೆ? ಆ ದಿನದಿಂದ ಅವಳ ಜೊತೆ ಕೂತು ಉಣ್ಣುವುದು ಕಷ್ಟವಾಯಿತು. ಆದರೂ ಹೇಳಲಿಲ್ಲ. ವರ್ಷ ಮುಗಿಯುತ್ತಾ ಬಂದಿತ್ತು, ಹೀಗೆಯೇ ಮುಗಿದುಹೋಗಲಿ ಎಂದುಕೊಂಡೆ.

ಹಾಗೆ ಮುಗಿಯಲಿಲ್ಲ. ಕೊನೆಯ ಕೂಟ ನಮ್ಮೂರಲ್ಲೇ, ನಾಲೆಯ ಮೆಟ್ಟಿಲ ಹತ್ತಿರವೇ ಎಂದು ಮೇಡಂ ಹೇಳಿದರು. ನಾಲ್ಕು ತಾಲ್ಲೂಕಿನವರೂ ಬಂದು ನೋಡುತ್ತಾರೆ, ಊರಿನವರೂ ಸೇರಬೇಕು, ನಾನು ಎಲ್ಲರ ಮುಂದೆ ನಿಂತು ಕತೆ ಹೇಳಬೇಕು. ಅದರ ಜೊತೆಗೆ, ಮುಂದಿನ ವರ್ಷ ಮುಂದುವರಿದು ಹೊಸಬರಿಗೆ ಕಲಿಸುವ ಜಾಗಕ್ಕೆ ನನ್ನನ್ನೇ ತೆಗೆದುಕೊಳ್ಳುತ್ತೇವೆ ಎಂದೂ ಹೇಳಿದರು. ಪಕ್ಕದವಳು ನನ್ನ ತೊಡೆ ಚಿವುಟಿ ನಕ್ಕಳು. ಹೇಳದೆ ಇದ್ದರೆ ತಂಗಿ ಅದನ್ನು ಹತ್ತಾರು ಜನರ ನಡುವೆ ನಿಂತು ನನ್ನ ಬಾಯಿಂದಲೇ ಕೇಳುತ್ತಾಳೆ. ನನ್ನನ್ನು ಬಿಟ್ಟುಕೊಡುವವಳಲ್ಲ, ತಲೆ ತಗ್ಗಿಸಿಕೊಂಡು ಸುಮ್ಮನಿರುತ್ತಾಳೆ. ಅದನ್ನು ನೆನೆದರೆ ತಡೆಯಲು ಆಗಲಿಲ್ಲ.

ಆವತ್ತು ಸಾಯಂಕಾಲವೂ ಅವಳು ನನ್ನ ಹಸುವನ್ನು ಕರೆಯುತ್ತಿದ್ದಳು. ಹಸುವಿನ ಆ ಕಡೆ ನಿಂತು, ಅದರ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಎಲ್ಲ ಹೇಳಿದೆ. ಡೈರಿಯ ಮುಂದೆ ತಲೆ ಆಡಿಸಿದ್ದು, ಅವಳಿಗೆ ಸುಳ್ಳು ಹೇಳಿದ್ದು, ಊರೂರಲ್ಲಿ ಕತೆ ಹೇಳಿದ್ದು. ಕರೆಯುವುದನ್ನು ನಡುವೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಹಸು ಹಾಲು ಏರಿಸಿಕೊಂಡುಬಿಡುತ್ತದೆ. ಅವಳು ನಿಲ್ಲಿಸಲಿಲ್ಲ. ಬಕೆಟ್ಟಿನಲ್ಲಿ ಹಾಲು ಬೀಳುವ ಸದ್ದು ಮಾತ್ರ ಜೋರಾಯಿತು.

ಹೇಳುವುದನ್ನೆಲ್ಲ ಹೇಳಿ, ಕೊನೆಗೆ ಬೇಡದ ಮಾತೊಂದನ್ನೂ ಆಡಿದೆ. "ನಿನ್ ತೊಟ್ಲು ತೂಗಕೆ ಅಂತ ನನ್ ಇಸ್ಕೂಲ್ ಬುಡ್ಸುದ್ರು ಕಣೆ."

"ತೊಟ್ಲಲ್ಲಿ ಮನಗಿದ್ದೋಳು ಏನ್ ಕಂಡಿದ್ಲು?" ಎಂದಳು.

ಅವಳು ಹಾಲು ಕರೆದು ಮುಗಿಸಿ, ಬಕೆಟ್ ಎತ್ತಿ ಪಕ್ಕಕ್ಕಿಟ್ಟು, ನನ್ನ ಸೀರೆ ಬಿಚ್ಚಿ ಮಡಚಿ ಗೂಟಕ್ಕೆ ಹಾಕಿದಳು. ಆಮೇಲೆ, "ಕೇಳಿದ್ರೆ ನಾನೇ ಕೊಡ್ತಿದ್ನಲ್ಲಕ್ಕ. ನೀನೇ ಓಗು ಅಂತಿದ್ದೆ. ಕೇಳ್ಲೇ ಇಲ್ವಲ್ಲ" ಎಂದು ಒಳಗೆ ಹೋದಳು.

ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕೆಲವು ದಿನ ಮಾತಿರಲಿಲ್ಲ. ಡೈರಿಗೆ ಹೋಗುವಾಗ ನನಗಿಂತ ಮುಂದೆ ಹೋಗಿಬಿಡುತ್ತಿದ್ದಳು. ಅವಳ ಮಕ್ಕಳು ಮಾತ್ರ ಎಂದಿನಂತೆ ನನ್ನ ಮನೆಯಲ್ಲೇ ಉಂಡರು. ಕೂಟದ ಹಿಂದಿನ ದಿನ ಗೋಡೆಯ ಆಚೆಯಿಂದ, "ನಾಳೆ ಎಷ್ಟ್ ಜನಕ್ಕೆ ಅಡ್ಗೆ?" ಎಂದು ಕೇಳಿದಳು. ಹೇಳಿದೆ. "ಅಡ್ಗೆ ನಿಂದು. ನೀನೇ ಎದ್ ನಿಂತು ನಿಜ ಏಳು. ನಾನಾಗಿ ಬಾಯ್ ಬುಡಾಕಿಲ್ಲ" ಎಂದಳು. ಅಷ್ಟು ಮಾತಾಡಿದ್ದಕ್ಕೇ ನನಗೆ ಊಟ ಸೇರಿತು.

ಮರುದಿನ ಎಲ್ಲರೂ ಬಂದರು. ನಾಲೆಯ ಏರಿಯ ಮೇಲೆ, ಹೊಂಗೆಮರದ ನೆರಳಿನಲ್ಲಿ ಜಮಖಾನ ಹಾಸಿದೆವು. ಊರಿನ ಹೆಂಗಸರು ಒಂದು ಕಡೆ, ಕಲ್ಲಿನ ತಾತ ಎಂದಿನಂತೆ ಮೇಲಿನ ಮೆಟ್ಟಿಲ ಪಕ್ಕದಲ್ಲಿ. ತಂಗಿ ಹಿಂದೆ ನಿಂತಿದ್ದಳು. ಮೇಡಂ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿ ನನ್ನನ್ನು ಎಬ್ಬಿಸಿದರು. ನಾನು ಎದ್ದು ನಿಂತು ಹೇಳಿದೆ: "ಈ ಮೆಟ್ಲು ಕಟ್ಸಿದ್ದು ನಾನಲ್ಲ. ಅಗೋ ಅಲ್ಲಿ ನಿಂತವ್ಳಲ್ಲ, ನನ್ ತಂಗಿ, ಅವ್ಳು. ನಾನು ಮುದ್ದೆ ಹೊತ್ಕ ಬಂದೋಳು. ಆವತ್ತು ಮೇಡಂ ನೀವೇನಾ ಅಂದಾಗ ತಲೆ ಆಡಿಸ್ಬುಟ್ಟೆ."

ನಮ್ಮೂರ ಹೆಂಗಸರಿಗೆ ಇದರಲ್ಲಿ ಅಂಥದ್ದೇನಿದೆ ಎಂದು ಅರ್ಥವಾಗಲಿಲ್ಲ, ಅಕ್ಕ ಮಾಡಿಸಿದರೇನು ತಂಗಿ ಮಾಡಿಸಿದರೇನು ಎಂದು ಒಬ್ಬಳು ಪಿಸುಗುಟ್ಟಿದಳು. ಪಾಂಡವಪುರದ ಗೆಳತಿ ಮಾತ್ರ ಉದ್ದಕ್ಕೆ ಉಸಿರುಬಿಟ್ಟು, "ಅದಕ್ಕೇನಾ ಅಕ್ಕಾ! ಕೆ.ಆರ್. ಪೇಟೆಯಲ್ಲಿ ಹೆಸ್ರು ಕೆತ್ತಿಸ್ತೀನಿ ಅಂದೆ ಅಂದ್ರಿ, ನಾಗಮಂಗಲದಲ್ಲಿ ಕಾಲಿಗೆ ಬಿದ್ದೆ ಅಂದ್ರಿ. ನಾನು ಆವತ್ತೇ ನಮ್ಮನೆಯೋರಿಗೆ ಹೇಳ್ದೆ, ಈ ಅಕ್ಕನ ಅಳತೆ ಒಂದ್ಸಲ ಇದ್ದಂಗೆ ಇನ್ನೊಂದ್ಸಲ ಇಲ್ಲ ಅಂತ" ಎಂದಳು. ಮೊದಲು ನಕ್ಕವಳು ನನ್ನ ತಂಗಿ. ಆಮೇಲೆ ಎಲ್ಲರೂ ನಕ್ಕರು. ನಾನೂ ಅಳುತ್ತಲೇ ನಕ್ಕೆ.

ಮೇಡಂ ನಗಲಿಲ್ಲ. ಅವರಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ತಂಗಿಯನ್ನು ಮುಂದೆ ಕರೆದು, ತಾತ ಹೇಗೆ ಕಲ್ಲು ಕೊಟ್ಟ ಎಂದು, ಗೆಳತಿ ನನ್ನನ್ನು ಕೇಳಿದ್ದ ಅದೇ ಪ್ರಶ್ನೆ ಕೇಳಿದರು. ಅವಳು ನಾಚಿಕೊಂಡು ತಾತನ ಕಡೆ ನೋಡಿದಳು. ತಾತನೇ ಮಾತಾಡಿದ.

"ಎಲ್ರೂ ಬಂದು ಕಲ್ಲು ಕೊಡು, ಕಲ್ಲು ಕೊಡು ಅನ್ನೋರು. ಇವ್ಳು ಕಲ್ಲೇ ಕೇಳ್ಲಿಲ್ಲ ಕಣವ್ವ. ತಾತ, ನಿಮ್ಮನೆ ವಸ್ಲು ಎಲ್ಲಿ ಮಡಗಾನ ಅಂತ ಕೇಳುದ್ಲು."

ಆ ಚಪ್ಪಡಿಗಳ ನಡುವೆ ಅವನು ಹುಟ್ಟಿದ ಮನೆಯ ಹೊಸ್ತಿಲು ಕಲ್ಲೂ ಇತ್ತು. ಅವನ ತಾಯಿ ದಿನಾ ಅರಿಶಿನ ಕುಂಕುಮ ಇಟ್ಟ ಕಲ್ಲು. ಅದರ ಮೇಲೆ ಜನ ಬಟ್ಟೆ ಕುಕ್ಕುತ್ತಾರೆ, ಕಾಲಿಡುತ್ತಾರೆ ಎಂಬ ಭಯಕ್ಕೆ ಅವನು ಒಂದು ಚಪ್ಪಡಿಯನ್ನೂ ಕೊಡುತ್ತಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಹಿತ್ತಲಲ್ಲಿ ಅವನ ಜೊತೆ ಕೂತು ಮಾತಾಡುತ್ತಾ ತಂಗಿ ಅದನ್ನು ಕಂಡುಕೊಂಡಿದ್ದಳು. ಆ ಕಲ್ಲನ್ನು ಎಲ್ಲಕ್ಕಿಂತ ಮೇಲೆ, ನೀರು ತಾಗದ ಕಡೆ ಇಡಿಸಿದಳು. ಮೇಲಿನ ಮೆಟ್ಟಿಲಿಗೆ ಕುಂಕುಮ ಇರುವುದನ್ನು ನಾನು ದಿನಾ ನೋಡುತ್ತಿದ್ದೆ. ಎಲ್ಲರೂ ಅದನ್ನು ತುಳಿಯದೆ ದಾಟಿ ಇಳಿಯುತ್ತಾರೆಂದು ನಾನೂ ದಾಟಿ ಇಳಿಯುತ್ತಿದ್ದೆ. ಗಂಗೆಪೂಜೆಗೆ ಇಟ್ಟದ್ದು ಎಂದುಕೊಂಡಿದ್ದೆ. ಒಂದು ವರ್ಷ ಅದರ ಕತೆ ಹೇಳಿಕೊಂಡು ತಿರುಗಿದವಳಿಗೆ ಅದು ಏನೆಂದೇ ಗೊತ್ತಿರಲಿಲ್ಲ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಎಲ್ಲರೂ ಎರಡನೇ ಸಲ ಹಾಕಿಸಿಕೊಂಡರು. ಹೊರಡುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ವರ್ಷದ ಜಾಗ ನಿಮ್ಮ ತಂಗಿಗೆ ಎಂದರು. ಅದನ್ನೇ ನಾನೂ ಕೇಳಬೇಕೆಂದಿದ್ದೆ. ನಿಮ್ಮದೇ ಒಂದು ಕೆಲಸ ಮಾಡಿದಾಗ ನನ್ನನ್ನು ಕರೆಯಿರಿ, ಬರುತ್ತೇನೆ ಎಂದೂ ಹೇಳಿದರು. ಕರೆಯಲು ಇನ್ನೂ ಏನೂ ಆಗಿಲ್ಲ.

ಈಗ ತಿಂಗಳಿಗೊಂದು ದಿನ ತಂಗಿ ಹೋಗುತ್ತಾಳೆ. ಅವಳ ನೀಲಿ ಸೀರೆ ಸುತ್ತಿಕೊಂಡು ನಾನು ಅವಳ ಹಸುವಿನ ಪಕ್ಕ ಕೂರುತ್ತೇನೆ. ನನ್ನ ಹಸುವಿನಂತೆ ಅದು ಸುಲಭಕ್ಕೆ ನಂಬುವುದಲ್ಲ. ಮೊದಲ ದಿನ ಸೀರೆ ಮೂಸಿತು, ಕತ್ತು ತಿರುಗಿಸಿ ನನ್ನ ಮುಖ ನೋಡಿತು, ಒಂದು ಒದ್ದು ಕೆಚ್ಚಲು ತೊಳೆಯುವ ನೀರಿನ ಬಕೆಟ್ ನನ್ನ ಮೇಲೆ ಉರುಳಿಸಿತು. ಬೈಯಲಿಲ್ಲ. ಬೆನ್ನು ನೀವಿ, ಬೂಸ ಹಾಕಿ, ಮತ್ತೆ ಕೂತೆ. ಕೊನೆಗೆ ಸೊರೆ ಬಿಟ್ಟಿತು.

ಅಷ್ಟರಲ್ಲಿ ತಂಗಿ ಬಸ್ಸಿಳಿದು ನೇರ ಕೊಟ್ಟಿಗೆಗೇ ಬಂದಳು. ನನ್ನ ಮೈಮೇಲಿನ ಒದ್ದೆ ಸೀರೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಏನೇನು ಕಲಿಸಿದೆ, ಊಟಕ್ಕೆ ಏನಿತ್ತು ಎಂದು ನಾನು ಕೇಳಿದೆ. ಎಲ್ಲ ಹೇಳಿದಳು. ಅವಳನ್ನೂ ಎಬ್ಬಿಸಿ ಮೆಟ್ಟಿಲಿನ ಕತೆ ಹೇಳಿಸಿದ್ದರಂತೆ. ಕರೆಯುವ ಕೈ ನಿಲ್ಲಿಸಿ, ನೀನೇನು ಹೇಳಿದೆ ಎಂದು ಕೇಳಿದೆ.

"ಇನ್ನೇನ್ ಏಳಾನ? ಮೆಟ್ಲು ನಂದು, ಮುದ್ದೆ ನಮ್ಮಕ್ಕಂದು ಅಂದೆ" ಎಂದಳು. "ಸರೀಗ್ ಕರಿ, ಇನ್ನೂ ಐತೆ ಹಾಲು."